ಅಜ್ಜಿಯ ಉಬ್ಬಸ

“ಹಿಂದಿನವರು ಸ್ವಲ್ಪ ಎತ್ತಿ, ತುದಿ ತಾಗ್ತಿದೆ!” ಎಂದು ಲೇತ್ ಅಂಗಡಿಯವನು ಕೂಗಿದ.

ಹಿಂದಿನ ತುದಿಗೆ ಹೆಗಲು ಕೊಟ್ಟಿದ್ದ ಚಿಕ್ಕ ಮೇಸ್ತ್ರಿ ಹಲ್ಲು ಕಚ್ಚಿ ಎತ್ತಿದ. ಅಣ್ಣನ ಶವಪೆಟ್ಟಿಗೆ ಹಳೆಯ ವ್ಯಾನಿನ ತಗಡಿನ ನೆಲದ ಮೇಲೆ ಕಿರ್ರೆಂದು ಜಾರಿ ಒಳಗೆ ಹೋಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು ಅವನು ಬೀದಿಯತ್ತ ನೋಡಿದ. ಅಣ್ಣನ ಗ್ಯಾರೇಜಿನ ಬಾಗಿಲಿನಿಂದ ಹಿಡಿದು ಮೂಲೆಯ ಬೇಕರಿಯವರೆಗೆ ಜನ. ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ, ಔಷಧಿ ಅಂಗಡಿಯ ನೆರಳಲ್ಲಿ, ಎದುರಿಗಿದ್ದ ತನ್ನದೇ ಗ್ಯಾರೇಜಿನ ಮುಚ್ಚಿದ ಷಟರಿಗೆ ಒರಗಿಕೊಂಡು ಕೂಡ ಜನ. ನಾನು ಸತ್ತರೆ ಇದರಲ್ಲಿ ಅರ್ಧದಷ್ಟಾದರೂ ಬಂದಾರೇ ಎಂಬ ಯೋಚನೆ ಬಂತು. ಇಂಥ ಹೊತ್ತಿನಲ್ಲಿ ಇದೆಂಥ ಯೋಚನೆ ಎಂದು ನಾಚಿಕೆಯೂ ಆಯಿತು. ಆದರೂ ಕಣ್ಣು ಜನರ ಮೇಲಿಂದ ಕೀಳಲಿಲ್ಲ.

“ಅತ್ತಿಗೆ, ಈಗಲೂ ಹೇಳ್ತೀನಿ, ನನ್ನ ಹೊಸ ಗಾಡಿ ಇದೆ,” ಎಂದ. “ಈ ಅಜ್ಜೀನ ನಂಬ್ಕೊಂಡು ಅಷ್ಟು ದೂರ ಹೋಗೋದು ಬೇಡ. ದಾರಿ ಮಧ್ಯೆ ಕೈ ಕೊಟ್ರೆ ಏನು ಗತಿ?”

ಅಜ್ಜಿ ಎಂದರೆ ಆ ವ್ಯಾನು. ಬೀದಿಯ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಅದನ್ನು ಹಾಗೇ ಕರೆಯುತ್ತಿದ್ದರು. ಒಂದು ಕಾಲದಲ್ಲಿ ಹಾಲು ಸಾಗಿಸುತ್ತಿದ್ದ ಗಾಡಿ. ಗುಜರಿಗೆ ಹೋಗುತ್ತಿದ್ದುದನ್ನು ಅಣ್ಣ ತಂದು ಎಬ್ಬಿಸಿ ನಿಲ್ಲಿಸಿದ್ದ.

ಅತ್ತಿಗೆ ಪೆಟ್ಟಿಗೆಯ ಪಕ್ಕದ ಸಣ್ಣ ಸೀಟಿನಲ್ಲಿ ಆಗಲೇ ಕೂತಾಗಿತ್ತು. “ಅವರು ಇದರಲ್ಲೇ ಹೋಗ್ಲಿ ಬಿಡಪ್ಪಾ,” ಎಂದರು. ಅಷ್ಟೇ.

ಅಣ್ಣನ ಮಗಳು ಸ್ಟೇರಿಂಗ್ ಹಿಡಿದಳು. ಚಿಕ್ಕ ಮೇಸ್ತ್ರಿ ಪಕ್ಕದಲ್ಲಿ ಕೂತ. ಲೇತ್ ಅಂಗಡಿಯವನೂ ಬೇಕರಿಯವನೂ ಹಿಂದೆ ಪೆಟ್ಟಿಗೆ ಹಿಡಿದುಕೊಂಡು ಕೂತರು. ಕೀಲಿ ತಿರುಗಿಸಿದಾಗ ಇಂಜಿನ್ ಕೆಮ್ಮಿ ಎದ್ದಿತು. ಎದ್ದದ್ದು ಒಂದೇ ಸಮನೆ ನಿಲ್ಲಲಿಲ್ಲ; ಒಮ್ಮೆ ಏರಿತು, ಒಮ್ಮೆ ಇನ್ನೇನು ಸತ್ತೇಹೋಗುತ್ತದೆ ಎಂಬಂತೆ ಇಳಿಯಿತು. ಆ ಏರಿಳಿತದ ಕೆಳಗೆ ‘ಸ್ಸ್’ ಎಂಬ ತೆಳ್ಳನೆಯ ಸದ್ದು. ಬೇರೆಯವರು ಅದಕ್ಕೆ ಕಿವಿಗೊಡರು. ಚಿಕ್ಕ ಮೇಸ್ತ್ರಿಗೆ ಕೇಳಿಸಿತು. ವರ್ಷಗಳಿಂದ ಎದುರು ಸಾಲಿನಲ್ಲಿ ಕೂತು ಅವನು ಅದನ್ನೇ ಕೇಳಿಕೊಂಡು ಬಂದಿದ್ದ.

“ಅಜ್ಜಿಗೆ ಉಬ್ಬಸ ಇನ್ನೂ ಹೋಗಿಲ್ಲ,” ಎಂದ ಬೇಕರಿಯವನು, ಏನಾದರೂ ಹೇಳಬೇಕಲ್ಲ ಎಂದು.

ಚಿಕ್ಕ ಮೇಸ್ತ್ರಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಆ ಮುಖದಲ್ಲಿ ಒಂದು ಬಗೆಯ ಸಮಾಧಾನವಿತ್ತು. ಅದನ್ನು ಯಾರೂ ನೋಡುವುದು ಅವನಿಗೆ ಬೇಕಿರಲಿಲ್ಲ.

*

ಆಗ ಇಬ್ಬರದೂ ಒಂದೇ ಗ್ಯಾರೇಜು. ಅಪ್ಪ ಹೋದ ಮೇಲೆ ಅಣ್ಣನೇ ಅವನ ಕೈಗೆ ಸ್ಪ್ಯಾನರ್ ಕೊಟ್ಟು ಕಲಿಸಿದ್ದು. ಜನ ಅಣ್ಣನನ್ನು ದೊಡ್ಡ ಮೇಸ್ತ್ರಿ ಎಂದರು, ಆದ್ದರಿಂದ ಇವನು ಚಿಕ್ಕ ಮೇಸ್ತ್ರಿಯಾದ. ಮೊದಮೊದಲು ಆ ಹೆಸರು ಹಿತವಾಗಿಯೇ ಇತ್ತು. ಆಮೇಲೆ ಮದುವೆಯಾಯಿತು, ಮಕ್ಕಳಾದವು, ಮೀಸೆ ಬೆಳ್ಳಗಾಯಿತು. ‘ಚಿಕ್ಕ’ ಮಾತ್ರ ಬಿಟ್ಟುಹೋಗಲಿಲ್ಲ. ಗಿರಾಕಿಗಳು ಇವನ ಎದುರಿಗೇ ನಿಂತು, “ದೊಡ್ಡವರು ಇಲ್ವಾ? ಸರಿ, ಆಮೇಲೆ ಬರ್ತೀನಿ,” ಎಂದು ಹೋಗುತ್ತಿದ್ದರು. ಇವನು ಬಿಚ್ಚಿ ಜೋಡಿಸಿದ ಇಂಜಿನ್ನಿಗೆ ಅಣ್ಣ ಬಂದು ಕೊನೆಗೊಮ್ಮೆ ಕಿವಿಗೊಟ್ಟು ತಲೆಯಾಡಿಸಿದರೆ, ಹೊಗಳಿಕೆ ಅಣ್ಣನ ಪಾಲಿಗೆ ಹೋಗುತ್ತಿತ್ತು.

ಅಜ್ಜಿ ಬಂದದ್ದು ಆ ದಿನಗಳಲ್ಲಿ. ಬಂದಾಗಲೇ ಉಬ್ಬಸ ಹೊತ್ತುಕೊಂಡು ಬಂದಿತ್ತು. ಕಾರ್ಬುರೇಟರಿನಿಂದ ಇಂಜಿನ್ನಿಗೆ ಪೆಟ್ರೋಲು ಬೆರೆತ ಗಾಳಿಯನ್ನು ಒಯ್ಯುವ ಎರಕದ ಕೊಳವೆ, ಮ್ಯಾನಿಫೋಲ್ಡು, ಇಂಜಿನ್ನಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಸಂದಿನಿಂದ ಬೇಡದ ಗಾಳಿಯನ್ನು ಇಂಜಿನ್ ಎಳೆದುಕೊಳ್ಳುತ್ತಿತ್ತು. ಚಿಕ್ಕ ಮೇಸ್ತ್ರಿ ಅದನ್ನು ಬಿಚ್ಚಿ, ಕೂರುವ ಮುಖದ ಮೇಲೆ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದ. ಸ್ಕೇಲಿನ ಕೆಳಗೆ, ನಡುಭಾಗದಲ್ಲಿ, ಬೆಳಕಿನ ಗೆರೆ ಕಂಡಿತು.

“ಅಣ್ಣಾ, ಇದು ಬೆಂಡಾಗಿದೆ. ಲೇತಿಗೆ ಕೊಟ್ಟು ಮಟ್ಟ ಮಾಡಿಸ್ಬೇಕು.”

“ಇಷ್ಟಕ್ಕೆಲ್ಲ ಲೇತ್ ಯಾಕೋ? ಸಂದಿಗೆ ಎರಡು ರಟ್ಟಿನ ಪ್ಯಾಕಿಂಗ್ ಹಾಕಿ, ಪೇಸ್ಟ್ ಬಳಿದು, ಬಿಗಿ ಮಾಡಿದ್ರೆ ಮುಗೀತು.”

“ಪೇಸ್ಟ್ ಎಷ್ಟು ದಿನ ನಿಲ್ಲತ್ತೆ? ಬಿಸಿಯಾದ ಕೂಡ್ಲೇ ಉದುರಿ ಹೋಗತ್ತೆ. ಲೋಹ ಲೋಹಕ್ಕೆ ಸರಿಯಾಗಿ ಕೂತ್ರೆ ತಾನೇ...”

ಅಣ್ಣ ಸುತ್ತ ನೋಡಿದ. ಬೇಕರಿಯವನು ತನ್ನ ಸ್ಕೂಟರಿಗೆ ಕಾಯುತ್ತಿದ್ದ, ಇನ್ನೂ ಮೂರು ನಾಲ್ಕು ಮಂದಿ ಇದ್ದರು. “ನೋಡಿ ಸ್ವಾಮಿ, ನಾನು ಕಲಿಸಿದ್ದನ್ನ ನನಗೇ ಒಪ್ಪಿಸ್ತಿದ್ದಾನೆ,” ಎಂದು ನಕ್ಕ. “ಚಿಕ್ಕವನು ಚಿಕ್ಕವನ ಹಾಗೆ ಇರಪ್ಪಾ.”

ಎಲ್ಲರೂ ನಕ್ಕರು. ಕೆಟ್ಟ ನಗುವೇನೂ ಅಲ್ಲ. ಆದರೆ ಚಿಕ್ಕ ಮೇಸ್ತ್ರಿ ಸ್ಕೇಲನ್ನು ಒರೆಸಿ ಕಿಸೆಯಲ್ಲಿಟ್ಟುಕೊಂಡು, ತನ್ನ ಪಾಲಿನ ಸಾಮಾನು ಗೋಣಿಗೆ ತುಂಬಿಕೊಂಡು ರಸ್ತೆ ದಾಟಿದವನು ಮತ್ತೆ ಆ ಕಡೆ ಕೆಲಸಕ್ಕೆ ಹೋಗಲಿಲ್ಲ. ಎದುರಿಗೇ ಗ್ಯಾರೇಜು ತೆರೆದ. ಬೇರೆ ಬೀದಿಯಲ್ಲಿ ಜಾಗ ಸಿಗುತ್ತಿತ್ತು. ಅವನಿಗೆ ಎದುರಿಗೇ ಬೇಕಿತ್ತು.

ಮನೆಗಳ ನಡುವೆ ಹೋಗಿಬರುವುದು ನಿಲ್ಲಲಿಲ್ಲ. ಅತ್ತಿಗೆ ಮಾಡಿದ್ದು ಇವರ ಮನೆಗೆ ಬರುತ್ತಿತ್ತು, ಇವನ ಹೆಂಡತಿ ಮಾಡಿದ್ದು ಅಲ್ಲಿಗೆ ಹೋಗುತ್ತಿತ್ತು. ಅಣ್ಣ ತಮ್ಮಂದಿರು ಸಿಕ್ಕರೆ ಹವಾಮಾನದ ಮಾತಾಡುತ್ತಿದ್ದರು. ಇಂಜಿನ್ನಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಬೆಳಿಗ್ಗೆ ಎದುರಿನ ಷಟರು ಮೇಲೆದ್ದು, ಅಜ್ಜಿ ಕೆಮ್ಮಿ, ಆ ‘ಸ್ಸ್’ ಕೇಳಿದಾಗ ಚಿಕ್ಕ ಮೇಸ್ತ್ರಿಗೆ ಅದು ಬಿಸಿ ಕಾಫಿಗಿಂತ ರುಚಿಯಾಗಿರುತ್ತಿತ್ತು. ನಾನು ಹೇಳಿದ್ದೇ ಸರಿ. ದಿನಾ ಬೆಳಿಗ್ಗೆ ಅಣ್ಣನ ಸ್ವಂತ ಗಾಡಿಯೇ ಅದನ್ನು ಬೀದಿಗೆಲ್ಲ ಕೇಳುವಂತೆ ಹೇಳುತ್ತಿತ್ತು.

*

ಸ್ಮಶಾನದ ಕಡೆಗಿನ ಏರು ಶುರುವಾಗುವಲ್ಲಿ ಅಜ್ಜಿ ನಿಂತಿತು.

“ಚಿಕ್ಕಪ್ಪಾ, ಪಿಕಪ್ಪೇ ಇಲ್ಲ. ಕಾಲು ತೆಗೆದ ಕೂಡ್ಲೇ ಆಫ್ ಆಗ್ತಿದೆ,” ಎಂದಳು ಅಣ್ಣನ ಮಗಳು. ಬೆಳಿಗ್ಗೆಯಿಂದ ಅಳದೆ ಇದ್ದವಳು ಆಗ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅಳತೊಡಗಿದಳು.

“ನೀನು ಇಳಿ, ನಾನು ನೋಡ್ತೀನಿ.”

ಮುಂದೆ ನಡೆದುಹೋದವರು ಆಗಲೇ ಏರು ಹತ್ತಿ ಮರೆಯಾಗಿದ್ದರು. ಹಿಂದಿನ ಕಾರುಗಳಿಂದ ಒಂದಿಬ್ಬರು ಇಳಿದು ಬಂದರು. “ನನ್ನ ಗಾಡಿಗೆ ಬದಲಾಯಿಸೋಣ್ವಾ?” ಎಂದು ಯಾರೋ ಕೇಳಿದರು. ಚಿಕ್ಕ ಮೇಸ್ತ್ರಿ ಬೇಡ ಎಂದು ಕೈಯಾಡಿಸಿದ. ಎರಡು ಸೀಟುಗಳ ನಡುವಿನ ಮುಚ್ಚಳ ಎತ್ತಿದರೆ ಇಂಜಿನ್. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಸೀಟಿನ ಕೆಳಗಿದ್ದ ಎಣ್ಣೆಯ ಡಬ್ಬಿ ತೆಗೆದು, ಇಂಜಿನ್ ಶುರು ಮಾಡಿ, ಮ್ಯಾನಿಫೋಲ್ಡು ಕೂರುವ ಸಂದಿಯ ಉದ್ದಕ್ಕೂ ಗಾಳಿ ಎಲ್ಲಿ ನುಗ್ಗುತ್ತಿದೆಯೆಂದು ಹನಿ ಹನಿ ಬಿಡುತ್ತ ಹೋದ. ಹಿಂದಿನ ತುದಿಗೆ ಬಂದಾಗ ಸಂದು ಎಣ್ಣೆಯನ್ನು ಸೊರ್ರೆಂದು ಹೀರಿತು. ಸದ್ದು ಒಂದು ಕ್ಷಣ ನೇರವಾಗಿ, ಮತ್ತೆ ಕೆಟ್ಟಿತು.

ಆ ತುದಿಯ ನಟ್ಟಿನ ಮೇಲೆ ಬಟ್ಟೆ ಹಿಡಿದು ಬೆರಳಿಟ್ಟ. ನಟ್ಟು ಬೆರಳಿಗೇ ತಿರುಗಿತು.

ಅದನ್ನು ಬಿಗಿ ಮಾಡಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತೇನೋ. ಅವನಿಗೂ ಅದು ಗೊತ್ತಿತ್ತು. ಆದರೆ ಎದುರು ಸಾಲಿನಲ್ಲಿ ಕೂತು ಇಷ್ಟು ವರ್ಷ ಕಾದದ್ದು ಈಗ ಕೈಯಳತೆಯಲ್ಲಿತ್ತು. ಕಳಚಬೇಕು, ಬೆಂಡಾದ ಆ ಮುಖವನ್ನು ಹೊರಗೆ ತೆಗೆಯಬೇಕು. ಅಂದು ನಕ್ಕ ಬೇಕರಿಯವನು ಇಲ್ಲೇ ಇದ್ದಾನೆ, ಲೇತಿನವನೂ ಇದ್ದಾನೆ. ಅವರಾದರೂ ನೋಡಲಿ.

“ಇದು ಹೀಗೆ ಆಗೋ ಕೆಲಸ ಅಲ್ಲ. ಪೂರ್ತಿ ಬಿಚ್ಬೇಕು,” ಎಂದ.

“ಈಗ್ಲಾ?” ಎಂದ ಲೇತಿನವನು.

“ಈಗ್ಲೇ.”

ಇಂಜಿನ್ ನಿಲ್ಲಿಸಿ, ತಣ್ಣಗಾಗುವುದಕ್ಕೂ ಕಾಯದೆ ನಟ್ಟುಗಳನ್ನು ಬಿಚ್ಚಿದ. ಮಣಿಕಟ್ಟು ಸುಟ್ಟಿತು. ಹಿಂದಿನ ನಟ್ಟಿಗೆ ಕೈ ತೂರಿಸುವಾಗ ಮೊಣಕೈ ಶವಪೆಟ್ಟಿಗೆಗೆ ತಾಗಿತು; ಸ್ವಲ್ಪ ಸರಿಸಿಕೊಂಡ, ಮತ್ತೆ ತಾಗಿತು. ಮುಂದಿನ ನಟ್ಟಿಗಿಂತ ಅದರ ಹಿಂದಿನದು ಸಡಿಲ, ಅದಕ್ಕಿಂತ ಅದರ ಹಿಂದಿನದು. ‘ನಟ್ಟು ಕೂಡ ನೆಟ್ಟಗೆ ಬಿಗಿ ಮಾಡಿಲ್ಲ ನಿಮ್ಮ ದೊಡ್ಡ ಮೇಸ್ತ್ರಿ’ ಎಂದು ಒಳಗೊಳಗೇ ಅಂದುಕೊಂಡ. ಅವಸರದಲ್ಲಿ ಎಳೆದ ರಭಸಕ್ಕೆ ಪ್ಯಾಕಿಂಗ್ ನಡುವೆ ಹರಿಯಿತು. ಮ್ಯಾನಿಫೋಲ್ಡು ಕೈಗೆ ಬಂತು. ಅದನ್ನು ತಿರುಗಿಸಿ, ಬಟ್ಟೆಯಿಂದ ಒರೆಸಿದ.

ಮುಖ ಕನ್ನಡಿಯ ಹಾಗೆ ಹೊಳೆಯಿತು.

ಪೇಸ್ಟಿನ ಗುರುತೇ ಇರಲಿಲ್ಲ. ಪ್ಯಾಕಿಂಗ್ ಒಂದೇ, ಅದೂ ಹೊಸದು, ತಾನೀಗ ಹರಿದದ್ದು. ಅವನು ಕಿಸೆಯಿಂದ ಸ್ಕೇಲು ತೆಗೆದು ಅಂಚಿನ ಮೇಲೆ ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿದ. ಎಲ್ಲೂ ಬೆಳಕು ತೂರಲಿಲ್ಲ. ತಿರುಗಿಸಿ ಓರೆಯಾಗಿ ಇಟ್ಟ. ಆಗಲೂ ಇಲ್ಲ.

“ಮಟ್ಟವಾಗಿದೆ,” ಎಂದ ಲೇತಿನವನು ಮೆಲ್ಲಗೆ. “ನಾನೇ ಮಾಡಿಕೊಟ್ಟಿದ್ದು. ಹೋದ ಬೇಸಿಗೇಲಿ.”

“ನನಗೆ ಹೇಳ್ಲಿಲ್ಲ.”

“ಹೇಳ್ಬೇಡ ಅಂದಿದ್ದ. ‘ಅವನಿಗೆ ಗೊತ್ತಾದ್ರೆ ನಿನ್ನ ಮೆಷಿನ್ ಪುಡಿ ಮಾಡ್ತೀನಿ’ ಅಂತಾನೂ ಅಂದಿದ್ದ.”

ಬೇಕರಿಯವನು ಎಲ್ಲೋ ನೋಡಿದ. ಚಿಕ್ಕ ಮೇಸ್ತ್ರಿ ಹೊಳೆಯುವ ಆ ಲೋಹವನ್ನು ಹಿಡಿದುಕೊಂಡು ಕೂತ. ಯಾವುದೋ ಪಂದ್ಯಕ್ಕೆ ಓಡಿ ಬಂದು ನೋಡಿದರೆ ಎದುರಾಳಿ ಹಿಂದಿನ ದಿನವೇ ಸೋಲೊಪ್ಪಿಕೊಂಡು ಮನೆಗೆ ಹೋಗಿದ್ದ ಹಾಗಾಗಿತ್ತು. ಒಪ್ಪಿಕೊಂಡವನು ನನ್ನೆದುರು ಒಪ್ಪಿಕೊಳ್ಳಬಾರದಿತ್ತೇ? ಒಂದು ಮಾತು, ರಸ್ತೆ ದಾಟಿ ಬಂದು, ‘ನೀನು ಹೇಳಿದ್ದು ಸರಿಯಿತ್ತು ಕಣೋ’ ಎಂದು.

“ಮಟ್ಟ ಮಾಡಿಸಿದವರು ನಟ್ಟು ಯಾಕೆ ಬಿಗಿ ಮಾಡ್ಲಿಲ್ಲ?” ಎಂದ. ಸಿಟ್ಟು ದನಿಗೆ ಬಂದಿತ್ತು. “ಅಷ್ಟು ಮಾಡಿ ಕೊನೆಗೆ ಇದೊಂದು ಬಿಟ್ರೆ?”

“ಆಗ್ತಿರ್ಲಿಲ್ಲ, ಚಿಕ್ಕಪ್ಪಾ,” ಎಂದಳು ಬಾಗಿಲ ಬಳಿ ನಿಂತಿದ್ದ ಅಣ್ಣನ ಮಗಳು. “ಅಪ್ಪನ ಬಲಗೈ ಬಿದ್ದುಹೋಗಿತ್ತು.”

“ಏನು ಹಾಗಂದ್ರೆ?”

“ಹಿಡಿತ ಇರ್ಲಿಲ್ಲ. ಸ್ಪ್ಯಾನರ್ ಹಿಡಿದ್ರೆ ಜಾರಿ ಬೀಳೋದು. ಶರ್ಟಿನ ಗುಂಡಿ ಅಮ್ಮ ಹಾಕ್ತಿದ್ಲು. ನಾನು ಬಿಗಿ ಮಾಡ್ಲಾ ಅಂದ್ರೆ ಬೈತಿದ್ರು. ಎಡಗೈಯಲ್ಲಿ ಆದಷ್ಟು ಮಾಡೋರು, ಸುಸ್ತಾಗಿ ಮುಚ್ಚಳ ಹಾಕ್ಬಿಡೋರು.”

*

ಅವನಿಗೆ ಕಳೆದ ಎರಡು ವರ್ಷ ನೆನಪಾಯಿತು. ಅಣ್ಣ ತನ್ನ ಗ್ಯಾರೇಜಿನ ಬಾಗಿಲಲ್ಲಿ ಹಳೆ ಟೈರಿನ ಮೇಲೆ ಕೂತು, ಬಲಗೈ ಕಿಸೆಯಲ್ಲಿ ಇಳಿಬಿಟ್ಟು, ಎಡಗೈಯಲ್ಲಿ ಕಾಫಿ ಕುಡಿಯುತ್ತಿದ್ದ. ಏನು ಠೀವಿ ಎಂದು ಇವನಿಗೆ ಉರಿದುಹೋಗುತ್ತಿತ್ತು.

ಆದರೆ ಆ ಎರಡು ವರ್ಷಗಳಲ್ಲೇ ಇವನ ದೆಸೆ ತಿರುಗಿದ್ದು. ಜೀಪಿನವನು ಬಂದ, ಟೆಂಪೋದವರು ಬಂದರು. ಹುಟ್ಟಿದಾಗಿನಿಂದ ದೊಡ್ಡ ಮೇಸ್ತ್ರಿಯ ಕೈಬಿಟ್ಟು ಬೇರೆಯವರ ಹತ್ತಿರ ಹೋಗದ ಶಾಲೆಯ ಬಸ್ಸುಗಳು ಇವನ ಬಾಗಿಲಿಗೆ ಬಂದು ನಿಂತವು. ಹೊಸ ಗಾಡಿ ಕೊಂಡದ್ದು ಆಗಲೇ. ಬಸ್ಸಿನ ಇಂಜಿನ್ ಇಳಿಸಿದ ದಿನ, ಒಳಗೆ ಜಾಗವಿದ್ದರೂ ಅದನ್ನು ಬೇಕೆಂದೇ ಹೊರಗೆ, ಅಣ್ಣನಿಗೆ ಕಾಣುವಲ್ಲಿ ಇರಿಸಿದ್ದ. ಅಣ್ಣ ಟೈರಿನ ಮೇಲಿಂದ ನೋಡುತ್ತಿದ್ದ. ಇವನು ಸುತ್ತಿಗೆಯಿಂದ ಬೇಕಾದ್ದಕ್ಕಿಂತ ಜೋರಾಗಿ ಹೊಡೆಯುತ್ತಿದ್ದ. ಆ ರಾತ್ರಿ ಊಟಕ್ಕೆ ಕೂತಾಗ, “ಕೊನೆಗೂ ಜನಕ್ಕೆ ಕೆಲಸ ಅಂದ್ರೆ ಏನು ಅಂತ ಗೊತ್ತಾಯ್ತು,” ಎಂದು ಹೆಂಡತಿಗೆ ಹೇಳಿದ್ದ. “ಅಣ್ಣನ ಬಗ್ಗೆ ಹಾಗೆಲ್ಲ ಮಾತಾಡ್ಬೇಡಿ,” ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದು ಹೋಗಿದ್ದಳು.

*

“ಅತ್ತಿಗೆ,” ಎಂದ ಚಿಕ್ಕ ಮೇಸ್ತ್ರಿ. ಹಿಂದೆ ತಿರುಗಲಿಲ್ಲ. “ಶಾಲೆ ಬಸ್ಸಿನವರು ನನ್ನ ಹತ್ರ ಬಂದ್ರಲ್ಲ...”

“ಇವರೇ ಕಳಿಸಿದ್ದು.”

“ಜೀಪಿನವನು?”

“ಅವನೂ. ಭಾರದ ಕೆಲಸ ಬಂದವರಿಗೆಲ್ಲ ‘ನನಗೆ ಪುರುಸೊತ್ತಿಲ್ಲ, ಎದುರಿಗೆ ಹೋಗಿ’ ಅಂತಿದ್ರು. ಕೈಯಲ್ಲಿ ಆಗಲ್ಲ ಅಂತ ಹೇಳೋಕೆ ಆಗ್ಬೇಕಲ್ಲ!” ಅತ್ತಿಗೆ ಪೆಟ್ಟಿಗೆಯ ಮೇಲಿನ ಹೂವುಗಳನ್ನು ಸರಿ ಮಾಡಿದರು. “ಕಳಿಸಿ ಒಳಗೆ ಬಂದು ಕೂತು ಉರಿದುಕೊಳ್ಳೋರು. ‘ನೋಡು, ಅವನು ಹೇಗೆ ಹೊಡೀತಿದ್ದಾನೆ, ಕೈಯಲ್ಲಿ ಎಂಥ ಜೋರು ಅವನಿಗೆ’ ಅಂತ. ನಿನ್ನ ಷಟರ್ ಎತ್ತೋ ಸದ್ದು ಕೇಳಿದ್ರೆ ಹಾಸಿಗೆಯಿಂದ ಎದ್ದು ಓಡೋರಪ್ಪಾ, ‘ಅವನು ತೆಗೆದ್ಬಿಟ್ಟ, ಅವನು ತೆಗೆದ್ಬಿಟ್ಟ’ ಅಂತ. ಒಬ್ಬರಿಗಿಂತ ಒಬ್ಬರು. ನಾನೂ ನಿನ್ನ ಹೆಂಡ್ತಿನೂ ಇದನ್ನೇ ಮಾತಾಡ್ಕೊಂಡು ನಗ್ತಿದ್ವಿ.”

“ಅವಳಿಗೂ ಗೊತ್ತಿತ್ತಾ?”

“ಇವರು ಆಣೆ ಹಾಕಿಸಿದ್ರು. ಅವಳೇನು ಮಾಡ್ತಾಳೆ?”

ಅವನಿಗೆ ದುಃಖ ಬರಬೇಕಿತ್ತು. ಬಂದದ್ದು ಹಳೆಯ ಉರಿಯೇ, ಬೇರೆ ದಾರಿ ಹಿಡಿದು. ಯಾರು ತಾನಾಗಿ ಬಂದರು, ಯಾರನ್ನು ಅಣ್ಣ ಕಳಿಸಿದ? ಟೆಂಪೋದವರಲ್ಲಿ ಯಾರು? ಕಾರು ರಿಪೇರಿಗೆ ತರುತ್ತಿದ್ದ ಆ ವೈದ್ಯರು? ಒಬ್ಬೊಬ್ಬರ ಮುಖವನ್ನೂ ಮನಸ್ಸಿನಲ್ಲಿ ಎಳೆದು ತಂದು ನಿಲ್ಲಿಸಿ ನೋಡಿದ. ತಾನು ಗೆದ್ದೆ ಎಂದುಕೊಂಡಿದ್ದೂ ಅಣ್ಣ ಬಿಟ್ಟುಕೊಟ್ಟದ್ದಾದರೆ, ಇನ್ನು ತನ್ನದು ಎಂದು ಉಳಿದದ್ದೇನು? ಕೇಳೋಣವೆಂದರೆ ಅವನು ಮೊಣಕೈಗೆ ತಾಗುವಷ್ಟು ಹತ್ತಿರದಲ್ಲೇ ಮಲಗಿದ್ದ. ಇಷ್ಟು ಹತ್ತಿರ ಅವರಿಬ್ಬರು ಕೂತು ಕೆಲಸ ಮಾಡಿ ಎಷ್ಟೋ ಕಾಲವಾಗಿತ್ತು.

“ಜನ ಕಾಯ್ತಿದ್ದಾರೆ ಮೇಸ್ತ್ರಿ,” ಎಂದ ಬೇಕರಿಯವನು. ‘ಚಿಕ್ಕ’ ಎನ್ನಲಿಲ್ಲ. ಬೇಕೆಂದೇ ಬಿಟ್ಟನೋ, ಮರೆತನೋ.

“ಪ್ಯಾಕಿಂಗ್ ಹರಿದೆ,” ಎಂದ ಚಿಕ್ಕ ಮೇಸ್ತ್ರಿ. “ದಪ್ಪ ರಟ್ಟು ಬೇಕು.”

ಬೇಕರಿಯವನು ಹಿಂದಿನ ಕಾರಿಗೆ ಓಡಿ, ಬಂದವರಿಗೆ ಹಂಚಲು ತಂದಿದ್ದ ಬನ್ನುಗಳನ್ನು ಸೀಟಿಗೆ ಸುರಿದು, ಖಾಲಿ ರಟ್ಟಿನ ಡಬ್ಬ ತಂದುಕೊಟ್ಟ. ಚಿಕ್ಕ ಮೇಸ್ತ್ರಿ ಅದರ ತಳವನ್ನು ಕಿತ್ತು, ಮ್ಯಾನಿಫೋಲ್ಡಿನ ಮೇಲೆ ಹರವಿ, ಸ್ಪ್ಯಾನರಿನ ಹಿಂಬದಿಯಿಂದ ಅಂಚಿನ ಸುತ್ತ ಟಕ್ ಟಕ್ ಎಂದು ಬಡಿಯತೊಡಗಿದ. ಹೀಗೆ ಬಡಿದು ಪ್ಯಾಕಿಂಗ್ ಕತ್ತರಿಸುವುದನ್ನು ಅಣ್ಣನೇ ಕಲಿಸಿದ್ದು. ‘ಜೋರಾಗಿ ಬೇಡ್ವೋ, ಅದಕ್ಕೇ ಗೊತ್ತಿದೆ ಎಲ್ಲಿ ಹರಿಯಬೇಕು ಅಂತ’ ಎಂದಿದ್ದ. ರಟ್ಟು ಅಂಚಿನ ಗುಂಟ ತಾನಾಗಿ ಬಿಟ್ಟುಕೊಂಡಿತು. ತೂತುಗಳನ್ನೂ ಹಾಗೇ ಬಡಿದು ತೆಗೆದು, ಗ್ರೀಸು ಸವರಿ, ಜಾಗಕ್ಕೆ ಕೂರಿಸಿದ.

ನಟ್ಟುಗಳನ್ನು ನಡುವಿನಿಂದ ಶುರು ಮಾಡಿ, ಆ ಕಡೆಗೊಂದು ಈ ಕಡೆಗೊಂದು, ಸ್ವಲ್ಪ ಸ್ವಲ್ಪವಾಗಿ ಬಿಗಿದುಕೊಂಡು ಹೋದ. ಕೊನೆಯದು ಹಿಂದಿನದು. ಅಲ್ಲಿಗೆ ಸ್ಪ್ಯಾನರು ಅರ್ಧ ಸುತ್ತಿಗಿಂತ ಹೆಚ್ಚು ತಿರುಗದು. ತಿರುಗಿಸಿ, ತೆಗೆದು, ಮತ್ತೆ ಹಾಕಿ, ಮತ್ತೆ ತಿರುಗಿಸಬೇಕು. ಇದನ್ನು ಎಡಗೈಯಲ್ಲಿ ಮಾಡಿದರೆ ಹೇಗಿರಬಹುದೆಂದು ಸ್ಪ್ಯಾನರನ್ನು ಎಡಗೈಗೆ ಬದಲಾಯಿಸಿ ನೋಡಿದ. ಅದು ಜಾರಿ ಇಂಜಿನ್ನಿನ ಸಂದಿಗೆ ಬಿತ್ತು. ಅವನು ಅದನ್ನು ಹೆಕ್ಕಿಕೊಂಡು, ಬಲಗೈಯಲ್ಲಿ ಬಿಗಿದು ಮುಗಿಸಿದ.

“ಸ್ಟಾರ್ಟ್ ಮಾಡಮ್ಮಾ.”

ಇಂಜಿನ್ ಎದ್ದಿತು. ಏರಲಿಲ್ಲ, ಇಳಿಯಲಿಲ್ಲ. ಒಂದೇ ಸಮನೆ, ಬಟ್ಟೆ ಹೊಲಿಯುವ ಮಿಷನ್ನಿನ ಹಾಗೆ ಓಡುತ್ತ ನಿಂತಿತು. ಲೇತಿನವನು ತಲೆಯಾಡಿಸಿದ. ಚಿಕ್ಕ ಮೇಸ್ತ್ರಿ ಅವನ ತಲೆಯಾಡಿಸುವಿಕೆಯನ್ನು ನೋಡಿದ. ಅದರಿಂದ ಹೊಟ್ಟೆ ತುಂಬಲಿಲ್ಲ. ಮುಚ್ಚಳ ಹಾಕುವ ಮೊದಲು ಹಿಂದೆ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದ, ಅಷ್ಟು ಹೊತ್ತಿನಲ್ಲಿ ಅದೊಂದೇ ಸಲ.

ಅಜ್ಜಿ ಏರನ್ನು ಒಂದೇ ಉಸಿರಿಗೆ ಹತ್ತಿತು.

ಸ್ಮಶಾನದ ಗೇಟಿನಲ್ಲಿ, ಮೊದಲೇ ನಡೆದುಬಂದವರು ಕಾಯುತ್ತಿದ್ದರು. ಅವರಲ್ಲಿ ಶಾಲೆಯ ಬಸ್ಸಿನ ಮುದಿ ಡ್ರೈವರನೂ ಇದ್ದ, ಕಿವಿ ಸ್ವಲ್ಪ ಮಂದ. ವ್ಯಾನು ನಿಂತಾಗ ಅವನು ಅದರ ಮುಂಭಾಗದ ತಗಡಿಗೆ ಅಂಗೈಯೊತ್ತಿ ನಡುಕವನ್ನು ಕೈಯಲ್ಲೇ ಕೇಳಿದ. ಅವನ ಕಣ್ಣು ತುಂಬಿಬಂತು.

“ನೋಡಿ, ಕೊನೇವರೆಗೂ ಹೇಗಿಟ್ಟಿದ್ದಾರೆ ಇಂಜಿನ್ನು!” ಎಂದ ಸುತ್ತಲಿನವರಿಗೆ. “ದೊಡ್ಡ ಮೇಸ್ತ್ರಿ ಕೈ ಅಂದ್ರೆ ಕೈ. ಇನ್ನು ಇಂಥ ಕೈ ಈ ಬೀದೀಲಿ ಹುಟ್ಟಲ್ಲ.”

ಲೇತಿನವನು ಬಾಯಿ ತೆರೆದ. ಅಷ್ಟರಲ್ಲಿ ಚಿಕ್ಕ ಮೇಸ್ತ್ರಿಯೇ, “ಅದು ನಾನು ಬಿಗಿ ಮಾಡಿದ್ದು,” ಎಂದುಬಿಟ್ಟ.

“ಆಂ?” ಡ್ರೈವರ್ ಕಿವಿಗೆ ಕೈಯಿಟ್ಟುಕೊಂಡು ಬಗ್ಗಿದ. “ಏನಂದ್ರಿ?”

ಅತ್ತಿಗೆ ಮಗಳ ಕೈ ಹಿಡಿದುಕೊಂಡು ವ್ಯಾನಿನಿಂದ ಇಳಿಯುತ್ತಿದ್ದರು.

“ಏನಿಲ್ಲ,” ಎಂದ ಚಿಕ್ಕ ಮೇಸ್ತ್ರಿ. “ಪೆಟ್ಟಿಗೆ ಹಿಡೀಬೇಕು, ಬನ್ನಿ.”

ಪೆಟ್ಟಿಗೆಯನ್ನು ಹಗ್ಗಗಳಲ್ಲಿ ಇಳಿಸಿದ್ದಾಯಿತು. ಅತ್ತಿಗೆ ಒಂದು ಹಿಡಿ ಮಣ್ಣು ಹಾಕಿದರು, ಮಗಳು ಹಾಕಿದಳು. ಮಣ್ಣು ಮುಚ್ಚಳದ ಮೇಲೆ ಹಗುರಾಗಿ ಸದ್ದು ಮಾಡಿತು. ಆಮೇಲೆ ಜನ ಅವನಿಗೆ ದಾರಿ ಬಿಟ್ಟರು. ಚಿಕ್ಕ ಮೇಸ್ತ್ರಿ ಬಗ್ಗಿ ಹಿಡಿ ತುಂಬ ಮಣ್ಣು ತೆಗೆದುಕೊಂಡು, ಗುಂಡಿಯ ಮೇಲೆ ಕೈ ಚಾಚಿ, ಬೆರಳು ಬಿಡಿಸಿದ. ಸ್ವಲ್ಪ ಉದುರಿತು. ಉಳಿದದ್ದು ಗ್ರೀಸು ಮೆತ್ತಿದ ಅಂಗೈಗೆ, ಬೆರಳ ಸಂದಿಗೆ ಅಂಟಿಕೊಂಡು ನಿಂತಿತು. ಕೈ ಕೊಡವಿದ, ಬೀಳಲಿಲ್ಲ. ಇನ್ನೊಂದು ಕೈಯಿಂದ ಉಜ್ಜಿದ, ಅದೂ ಕಪ್ಪಾಯಿತು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಮೆಲ್ಲಗೆ ಕೆಮ್ಮಿದರು. ಅವನು ಎರಡೂ ಕೈಗಳನ್ನು ಗುಂಡಿಯ ಮೇಲೆ ಹಿಡಿದುಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಬೆರಳಿನ ಮಣ್ಣನ್ನು ಕೆರೆದು ಕೆರೆದು ಕೆಳಗೆ ಬೀಳಿಸುತ್ತ ನಿಂತ.